ಅಳಿಸಿದರೂ ಉಳಿಯುವ ಬರಹ

ಸರ್ಕಾರಿ ಕಚೇರಿಗಳಲ್ಲಿ ಇಂದು ‘ಕಡತ’ ಎಂದರೆ ದಾರ ಕಟ್ಟಿದ ಕಾಗದಗಳ ಕಟ್ಟು. ಕಂಪ್ಯೂಟರ್ ಬಂದ ಮೇಲೆ ಅದರೊಳಗಿನ ‘ಫೈಲ್’ಗೂ ಅದೇ ಹೆಸರು ಅಂಟಿಕೊಂಡಿತು. ಆದರೆ ಮೂಲದಲ್ಲಿ ಕಡತ ಕಾಗದದ್ದಾಗಿರಲಿಲ್ಲ. ಬಟ್ಟೆಗೆ ಹುಣಸೆ ಬೀಜದ ಸರಿ ಬಳಿದು, ಇದ್ದಿಲ ಪುಡಿಯಿಂದ ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ ಇಡುತ್ತಿದ್ದ ಕಪ್ಪು ಪುಸ್ತಕವೇ ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದದ್ದನ್ನು ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದಿತ್ತು. 19ನೆಯ ಶತಮಾನದಲ್ಲೂ ಕನ್ನಡ ನಾಡಿನ ವರ್ತಕರು ತಮ್ಮ ಲೆಕ್ಕಪತ್ರಗಳಿಗೆ ಇದನ್ನು ಬಳಸುತ್ತಿದ್ದರು. ಶೃಂಗೇರಿ ಮಠದಲ್ಲಿ ಉಳಿದುಬಂದಿರುವ ಹಳೆಯ ಕಡತಗಳು ಇಂದು ಇತಿಹಾಸಕಾರರಿಗೆ ಅಮೂಲ್ಯ ಆಕರಗಳಾಗಿವೆ.

ಒರೆಸಿದರೆ ಹೋಗುವಂಥ ಬರಹ ಅಷ್ಟು ಕಾಲ ಉಳಿದದ್ದು ಹೇಗೆ? ಯಾರೂ ಒರೆಸಲಿಲ್ಲ, ಅದಕ್ಕೇ ಉಳಿಯಿತು. ಕಂಪ್ಯೂಟರಿನ ಕಡತದ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಒರೆಸಿದ್ದೇವೆ ಎಂದು ನಾವು ನಂಬಿರುತ್ತೇವೆ. ಬರಹ ಮಾತ್ರ ಇದ್ದಲ್ಲೇ ಇರುತ್ತದೆ.

ಮನೆಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದು ಎಲ್ಲಿಗೋ ಒಂದು ಕಡೆ ಹೋಗಲೇಬೇಕು. ಕೆಲವರು ಅದನ್ನು ತಂಗಿಯ ಮಗನಿಗೆ ಕೊಡುತ್ತಾರೆ, ಕೆಲವರು ಹುಟ್ಟೂರಿನ ಶಾಲೆಗೆ ದಾನ ಮಾಡುತ್ತಾರೆ. ಉಳಿದವು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳಿಗೋ ಗುಜರಿ ಅಂಗಡಿಗೋ ಸೇರುತ್ತವೆ. ಯಂತ್ರ ಕೈ ಬದಲಾಗುವಾಗ ಅದರೊಡನೆ ಇನ್ನೂ ಏನೇನೋ ಕೈ ಬದಲಾಗುತ್ತದೆ: ಆಧಾರ್ ಮತ್ತು ಪ್ಯಾನ್ ಕಾರ್ಡಿನ ಪ್ರತಿ, ಬ್ಯಾಂಕಿನ ಲೆಕ್ಕದ ವಿವರ, ಜಮೀನಿನ ಪಹಣಿ, ವೈದ್ಯರ ವರದಿ, ಮಗಳ ಮದುವೆಗೆಂದು ಸಿದ್ಧಪಡಿಸಿದ ಜಾತಕ, ಅಂತರಜಾಲ ತಾಣಗಳಿಗೆ ಪ್ರವೇಶಿಸಲು ಯಂತ್ರ ನೆನಪಿಟ್ಟುಕೊಂಡಿರುವ ಗುಪ್ತಪದಗಳು. ‘ಎಲ್ಲವನ್ನೂ ಡಿಲೀಟ್ ಮಾಡಿಯೇ ಕೊಟ್ಟಿದ್ದೇವೆ’ ಎಂಬುದು ಸಾಮಾನ್ಯ ಉತ್ತರ. ಆ ಉತ್ತರ ಎಷ್ಟು ಟೊಳ್ಳು ಎಂಬುದನ್ನು ಅಳಿಸುವಿಕೆಯ ಇತಿಹಾಸವೇ ತೋರಿಸಿಕೊಡುತ್ತದೆ.

ಹೆರೆದ ಚರ್ಮ, ಹರಿದ ಕಾಗದ

ಅಳಿಸಿದ್ದು ಮತ್ತೆ ಮೂಡಿಬರುವುದು ಕಂಪ್ಯೂಟರಿನಿಂದ ಆರಂಭವಾದ ಸಂಗತಿಯಲ್ಲ. ಗ್ರೀಕ್ ಗಣಿತಜ್ಞ ಆರ್ಕಿಮಿಡೀಸನ ಕೃತಿಗಳನ್ನು 10ನೆಯ ಶತಮಾನದಲ್ಲಿ ಚರ್ಮದ ಹಾಳೆಗಳ ಮೇಲೆ ಪ್ರತಿ ಮಾಡಲಾಗಿತ್ತು. ಚರ್ಮ ದುಬಾರಿ ವಸ್ತು. 1229ರ ಸುಮಾರಿಗೆ ಯಾರೋ ಒಬ್ಬರು ಆ ಅಕ್ಷರಗಳನ್ನು ಹೆರೆದು ಹಾಕಿ, ಹಾಳೆಗಳನ್ನು ಅಡ್ಡಡ್ಡ ತಿರುಗಿಸಿ, ಮೇಲೆ ಪ್ರಾರ್ಥನೆಗಳನ್ನು ಬರೆದರು. 1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಇಸ್ತಾಂಬುಲ್‌ನಲ್ಲಿ ಆ ಪ್ರಾರ್ಥನಾ ಪುಸ್ತಕವನ್ನು ಪರಿಶೀಲಿಸಿದಾಗ ಸಾಲುಗಳ ನಡುವೆ ಮಸುಕಾದ ಗಣಿತ ಕಾಣಿಸಿತು. 1998ರಲ್ಲಿ ಆ ಪುಸ್ತಕ 20 ಲಕ್ಷ ಡಾಲರಿಗೆ ಹರಾಜಾಯಿತು. ಆನಂತರ ಅಮೆರಿಕದ ಬಾಲ್ಟಿಮೋರ್ ನಗರದ ವಾಲ್ಟರ್ಸ್ ಕಲಾ ಸಂಗ್ರಹಾಲಯದಲ್ಲಿ ಹಲವು ಬಣ್ಣದ ಬೆಳಕುಗಳನ್ನು ಹಾಯಿಸಿ ಅದನ್ನು ಓದಲಾಯಿತು. ಕೆಲವು ಪುಟಗಳಿಗೆ ಎಕ್ಸ್-ರೇ ಕಿರಣಗಳೂ ಬೇಕಾದವು. ಹೆರೆದವನು ಅಕ್ಷರವನ್ನು ತೆಗೆದಿದ್ದ. ಆದರೆ ಚರ್ಮ ಹೀರಿಕೊಂಡಿದ್ದ ಮಸಿಯನ್ನು ತೆಗೆದಿರಲಿಲ್ಲ.

ಹತ್ತಿರದ ಇನ್ನೊಂದು ಉದಾಹರಣೆ ಪೂರ್ವ ಜರ್ಮನಿಯದು. 1989ರ ಕೊನೆಯಲ್ಲಿ ಅಲ್ಲಿನ ಆಡಳಿತ ಕುಸಿಯತೊಡಗಿದಾಗ ಗುಪ್ತ ಪೊಲೀಸ್ ಸಂಸ್ಥೆ ಸ್ಟಾಸಿಯ ಸಿಬ್ಬಂದಿ ತಾವು ಜನರ ಮೇಲೆ ಬರೆದಿಟ್ಟ ವರದಿಗಳನ್ನು ನಾಶಪಡಿಸಲು ಹೊರಟರು. ಕಾಗದ ಕತ್ತರಿಸುವ ಯಂತ್ರಗಳು ಸಾಲದೆ ಕೈಯಿಂದಲೇ ಹರಿಯತೊಡಗಿದರು. ಅಷ್ಟರಲ್ಲಿ ಜನ ನುಗ್ಗಿ ಕಚೇರಿಗಳನ್ನು ವಶಪಡಿಸಿಕೊಂಡರು. ಹರಿದ ಚೂರುಗಳು ತುಂಬಿದ ಸುಮಾರು 16,000 ಚೀಲಗಳು ಸಿಕ್ಕವು. 1995ರಿಂದ ಆ ಚೂರುಗಳನ್ನು ಒಂದೊಂದಾಗಿ ಜೋಡಿಸುವ ಕೆಲಸ ಆರಂಭವಾಯಿತು. ತಮ್ಮ ಮೇಲೆ ಯಾರು ಬೇಹುಗಾರಿಕೆ ನಡೆಸಿದ್ದರು ಎಂದು ತಿಳಿಯಲು ಜನರಿಗೆ ಸಾಧ್ಯವಾದದ್ದರಲ್ಲಿ ಆ ಚೂರುಗಳ ಪಾಲೂ ಉಂಟು.

ಈ ಎರಡು ಪ್ರಸಂಗಗಳಲ್ಲೂ ಅಳಿಸಲು ಹೋದವರು ತಮ್ಮ ಕಣ್ಣಿಗೆ ಕಾಣುವಷ್ಟನ್ನು ಮಾತ್ರ ಅಳಿಸಿದ್ದರು. ಕಂಪ್ಯೂಟರಿನಲ್ಲಿ ನಡೆಯುವುದೂ ಅದೇ. ಆದರೆ ಅಲ್ಲಿ ಅದು ಅವಸರದಿಂದ ಆಗುವುದಲ್ಲ, ಯಂತ್ರವನ್ನು ರೂಪಿಸಿರುವುದೇ ಹಾಗೆ.

ಹೋಗುವುದು ಹೆಸರು ಮಾತ್ರ

ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯನ್ನು ಕಲ್ಪಿಸಿಕೊಳ್ಳಿ. ಬಾಗಿಲ ಬಳಿ ಒಂದು ಸೂಚಿ ಪುಸ್ತಕವಿದೆ. ಯಾವ ಕಡತ ಯಾವ ಕಪಾಟಿನ ಯಾವ ಸಾಲಿನಲ್ಲಿದೆ ಎಂದು ಅದರಲ್ಲಿ ಬರೆದಿದೆ. ಈಗ ಯಾರೋ ಸೂಚಿಯಲ್ಲಿನ ಒಂದು ಸಾಲನ್ನು ಹೊಡೆದು ಹಾಕಿದರು ಎನ್ನೋಣ. ಕಡತ ಕಳೆದುಹೋಗಿದೆ ಎಂದೇ ಗುಮಾಸ್ತರು ಹೇಳುತ್ತಾರೆ. ಆದರೆ ಕಪಾಟಿನಲ್ಲಿ ಅದು ಇದ್ದಂತೆಯೇ ಇದೆ. ಕಪಾಟುಗಳನ್ನು ಒಂದೊಂದಾಗಿ ತಡಕಿದವನಿಗೆ ಅದು ಸಿಕ್ಕೇ ಸಿಗುತ್ತದೆ.

ಹಾರ್ಡ್ ಡಿಸ್ಕ್ ಕೆಲಸ ಮಾಡುವುದೂ ಹೀಗೆ. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಹಾರ್ಡ್ ಡಿಸ್ಕ್‌ನಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅಷ್ಟೂ ತಟ್ಟೆಗಳಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು. ಈಗಿನ ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರಕ್ಕೆ ಅಷ್ಟು ಜಾಗ ಬೇಕಾಗುತ್ತದೆ. ತಟ್ಟೆಗಳು ಚಿಕ್ಕವಾದವು, ಹಿಡಿಯುವ ಮಾಹಿತಿ ಲಕ್ಷಾಂತರ ಪಟ್ಟು ಹೆಚ್ಚಿತು. ಆದರೆ ಸೂಚಿ ಒಂದು ಕಡೆ, ಕಡತ ಇನ್ನೊಂದು ಕಡೆ ಎಂಬ ವ್ಯವಸ್ಥೆ ಮುಂದುವರಿಯಿತು.

1980ರ ದಶಕದಲ್ಲಿ ಮನೆಮಾತಾದ ಎಂಎಸ್-ಡಾಸ್ ವ್ಯವಸ್ಥೆಯಲ್ಲಿ ಒಂದು ಕಡತವನ್ನು ಅಳಿಸಿದಾಗ ಆಗುತ್ತಿದ್ದುದು ಇಷ್ಟೇ: ಸೂಚಿಯಲ್ಲಿ ಆ ಕಡತದ ಹೆಸರಿನ ಮೊದಲ ಅಕ್ಷರದ ಬದಲು ಒಂದು ವಿಶೇಷ ಚಿಹ್ನೆ ಬೀಳುತ್ತಿತ್ತು, ಅದರ ಜಾಗ ಖಾಲಿಯಿದೆ ಎಂದು ಗುರುತಾಗುತ್ತಿತ್ತು. ಒಳಗಿನ ಬರಹವನ್ನು ಮುಟ್ಟುತ್ತಲೇ ಇರಲಿಲ್ಲ. ಬೇರೊಂದು ಕಡತ ಬಂದು ಆ ಜಾಗದಲ್ಲಿ ಕೂರುವವರೆಗೆ ಹಳೆಯದು ಅಲ್ಲೇ ಇರುತ್ತಿತ್ತು.

ಹೀಗೇಕೆ ಮಾಡಿದರು? ಸಮಯ ಉಳಿಸಲು. ಬರಹವನ್ನು ನಿಜವಾಗಿ ಅಳಿಸಬೇಕಾದರೆ ಅದರ ಉದ್ದಕ್ಕೂ ಬೇರೇನನ್ನಾದರೂ ಬರೆಯಬೇಕು. ನಿಧಾನಗತಿಯ ಆ ಕಾಲದ ಯಂತ್ರಗಳಲ್ಲಿ ಇದು ದುಬಾರಿ ಬಾಬ್ತು. ಹೆಸರು ಹೊಡೆದು ಹಾಕುವುದು ಕಣ್ಣು ಮಿಟುಕಿಸುವಷ್ಟರ ಕೆಲಸ.

ಈ ಏರ್ಪಾಟು ಒಂದು ವರವೂ ಆಯಿತು. ಅಮೆರಿಕದ ಪೀಟರ್ ನಾರ್ಟನ್ ಎಂಬ ತಂತ್ರಜ್ಞರು ಕೈತಪ್ಪಿ ತಮ್ಮದೇ ಕಡತವೊಂದನ್ನು ಅಳಿಸಿಬಿಟ್ಟರು. ಅದನ್ನು ಮರಳಿ ಪಡೆಯಲು ಅವರು ಒಂದು ಪ್ರೋಗ್ರಾಂ ಬರೆದರು. 1982ರಲ್ಲಿ ಅವರ ಉಪಕರಣಗಳ ಸಂಚಿಕೆ ಮಾರುಕಟ್ಟೆಗೆ ಬಂತು. ಅಳಿಸಿದ್ದನ್ನು ಮರಳಿಸುವ ಸೌಲಭ್ಯವೇ ಅದರ ಮುಖ್ಯ ಆಕರ್ಷಣೆ. 1991ರಲ್ಲಿ ಎಂಎಸ್-ಡಾಸ್‌ನ 5ನೆಯ ಆವೃತ್ತಿ ಅಂಥದೇ ಆಜ್ಞೆಯನ್ನು ತನ್ನೊಳಗೇ ಸೇರಿಸಿಕೊಂಡಿತು. 1995ರಲ್ಲಿ ವಿಂಡೋಸ್ ಪರದೆಯ ಮೇಲೆ ಕಸದ ಬುಟ್ಟಿಯ ಚಿತ್ರ ಬಂತು. ಬುಟ್ಟಿಯನ್ನು ಖಾಲಿ ಮಾಡಿದರೂ ಹೋಗುತ್ತಿದ್ದುದು ಹೆಸರೇ ಹೊರತು ಕಸವಲ್ಲ.

ಶ್ವೇತಭವನಕ್ಕೂ ಗೊತ್ತಿರಲಿಲ್ಲ

ಇದರ ಇನ್ನೊಂದು ಮುಖ ಜಗತ್ತಿಗೆ ಕಂಡದ್ದು ಅಮೆರಿಕದ ಅಧ್ಯಕ್ಷರ ಕಚೇರಿಯಲ್ಲಿ. ಇರಾನಿಗೆ ಗುಟ್ಟಾಗಿ ಶಸ್ತ್ರಾಸ್ತ್ರ ಮಾರಿ, ಆ ಹಣವನ್ನು ನಿಕರಾಗುವಾದ ಬಂಡುಕೋರರಿಗೆ ರವಾನಿಸಿದ ಹಗರಣ 1986ರ ನವೆಂಬರಿನಲ್ಲಿ ಬಯಲಾಗತೊಡಗಿತು. ರಾಷ್ಟ್ರೀಯ ಭದ್ರತಾ ಸಲಹೆಗಾರ ಜಾನ್ ಪಾಯಿಂಡೆಕ್ಸ್‌ಟರ್ ಮತ್ತು ಅವರ ಸಹಾಯಕ ಆಲಿವರ್ ನಾರ್ತ್ ಕಂಪ್ಯೂಟರ್ ಮುಂದೆ ಕುಳಿತು ತಮ್ಮ ವಿದ್ಯುನ್ಮಾನ ಪತ್ರಗಳನ್ನು ಅಳಿಸಿದರು. ಪಾಯಿಂಡೆಕ್ಸ್‌ಟರ್ 5,000ಕ್ಕೂ ಹೆಚ್ಚು, ನಾರ್ತ್ 700ಕ್ಕೂ ಹೆಚ್ಚು ಸಂದೇಶಗಳನ್ನು ತೆಗೆದುಹಾಕಿದ್ದರು. ಆದರೆ ಆ ವ್ಯವಸ್ಥೆಯ ನಕಲುಗಳು ನಿಯಮಿತವಾಗಿ ಟೇಪುಗಳ ಮೇಲೆ ದಾಖಲಾಗುತ್ತಿದ್ದವು. ತನಿಖೆಗೆ ನೇಮಕವಾದ ಟವರ್ ಆಯೋಗಕ್ಕೆ ಆ ಟೇಪುಗಳು ದೊರೆತವು. 1987ರ ಫೆಬ್ರವರಿಯಲ್ಲಿ ಹೊರಬಂದ ಅದರ ವರದಿಯಲ್ಲಿ ‘ಅಳಿಸಿದ’ ಸಂದೇಶಗಳು ಅಚ್ಚಾದವು. ಗುಂಡಿ ಒತ್ತಿದೊಡನೆ ಅವು ಶಾಶ್ವತವಾಗಿ ಹೋದವೆಂದೇ ತಾವು ನಂಬಿದ್ದಾಗಿ ನಾರ್ತ್ ಆ ವರ್ಷದ ವಿಚಾರಣೆಯಲ್ಲಿ ಒಪ್ಪಿಕೊಂಡರು.

ಸತ್ಯ ಹೊರಬಂದದ್ದರಿಂದ ಅಲ್ಲಿ ಒಳಿತೇ ಆಯಿತು. ಆದರೆ ಹಗರಣ ಮಾಡದ ಸಾಮಾನ್ಯ ಜನರ ಗುಟ್ಟುಗಳೂ ಹೀಗೆಯೇ ಉಳಿಯುತ್ತವೆ.

158 ಹಳೆಯ ಡಿಸ್ಕುಗಳು

ಇದನ್ನು ಅಂಕಿ ಅಂಶಗಳೊಡನೆ ತೋರಿಸಿದವರು ಅಮೆರಿಕದ ಎಂಐಟಿ ಸಂಸ್ಥೆಯ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳಾದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್. 2000ದಿಂದ 2002ರವರೆಗೆ ಅವರು ಹಳೆಯ ಸಾಮಾನಿನ ವ್ಯಾಪಾರಿಗಳಿಂದ ಮತ್ತು ಅಂತರಜಾಲದ ಹರಾಜಿನಲ್ಲಿ 158 ಹಾರ್ಡ್ ಡಿಸ್ಕುಗಳನ್ನು ಕೊಂಡರು. ಅವುಗಳಲ್ಲಿ 129 ಕೆಲಸ ಮಾಡುತ್ತಿದ್ದವು. ಸರಿಯಾಗಿ ಒರೆಸಿದ್ದವು ಎಷ್ಟು ಗೊತ್ತೇ? ಬರೀ 12. ಉಳಿದವುಗಳಿಂದ 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಸಿಕ್ಕವು. ವೈದ್ಯಕೀಯ ದಾಖಲೆಗಳಿದ್ದವು, ಪ್ರೇಮಪತ್ರಗಳೂ ಇದ್ದವು. ಒಂದು ಡಿಸ್ಕ್ ಇಲಿನಾಯ್ ರಾಜ್ಯದ ಎಟಿಎಂ ಯಂತ್ರದಲ್ಲಿದ್ದದ್ದು. ಗ್ರಾಹಕರ ಖಾತೆ ಸಂಖ್ಯೆ ಮತ್ತು ಅದರಲ್ಲಿದ್ದ ಹಣದ ಮೊತ್ತ ಅದರಲ್ಲಿ ಹಾಗೆಯೇ ಉಳಿದಿದ್ದವು. 2003ರ ಆರಂಭದಲ್ಲಿ ಅವರ ಲೇಖನ ಪ್ರಕಟವಾದಾಗ ಹಲವರು ಬೆಚ್ಚಿದರು.

ಬೆಚ್ಚಿದರೂ ಪಾಠ ಕಲಿತವರು ಕಡಿಮೆ. 2009ರಲ್ಲಿ ಕೆನಡಾದ ಪತ್ರಿಕೋದ್ಯಮ ವಿದ್ಯಾರ್ಥಿಗಳು ಆಫ್ರಿಕಾದ ಘಾನಾ ದೇಶದ ಮಾರುಕಟ್ಟೆಯಲ್ಲಿ 40 ಡಾಲರಿಗೆ ಕೊಂಡ ಹಳೆಯ ಡಿಸ್ಕಿನಲ್ಲಿ ಅಮೆರಿಕದ ರಕ್ಷಣಾ ಗುತ್ತಿಗೆಗಳ ವಿವರ ಸಿಕ್ಕಿತು. ಶ್ರೀಮಂತ ದೇಶಗಳ ಕಸದೊಡನೆ ಅವುಗಳ ಗುಟ್ಟೂ ಸಮುದ್ರ ದಾಟಿತ್ತು. 2010ರಲ್ಲಿ ಅಮೆರಿಕದ ಸಿಬಿಎಸ್ ದೂರದರ್ಶನ ಜಾಲ ಹಳೆಯ ಜೆರಾಕ್ಸ್ ಯಂತ್ರಗಳನ್ನು ಕೊಂಡು ನೋಡಿತು. ಅವುಗಳ ಒಳಗೂ ಹಾರ್ಡ್ ಡಿಸ್ಕ್ ಇತ್ತು, ಅದರಲ್ಲಿ ರೋಗಿಗಳ ದಾಖಲೆಗಳಿದ್ದವು! ಸುಮಾರು 3.44 ಲಕ್ಷ ಜನರ ಮಾಹಿತಿ ಹೀಗೆ ಹೊರಹೋಗಿರಬಹುದೆಂದು ಅಂದಾಜಾಯಿತು. ಆ ಯಂತ್ರವನ್ನು ಬಾಡಿಗೆಗೆ ಪಡೆದು ಹಿಂದಿರುಗಿಸಿದ್ದ ಆರೋಗ್ಯ ವಿಮಾ ಸಂಸ್ಥೆ 2013ರಲ್ಲಿ 12 ಲಕ್ಷ ಡಾಲರಿಗೂ ಹೆಚ್ಚು ಹಣ ತೆರಬೇಕಾಯಿತು.

ದೊಡ್ಡ ಬ್ಯಾಂಕುಗಳೂ ಇದಕ್ಕೆ ಹೊರತಲ್ಲ. ಮೋರ್ಗನ್ ಸ್ಟಾನ್ಲಿ ಸಂಸ್ಥೆ ಬೇಡವಾದ ಸಾವಿರಾರು ಡಿಸ್ಕುಗಳ ವಿಲೇವಾರಿಯನ್ನು ಮಾಹಿತಿ ನಾಶದ ಅನುಭವವೇ ಇಲ್ಲದ, ಸಾಮಾನು ಸಾಗಿಸುವ ಕಂಪನಿಯೊಂದಕ್ಕೆ ವಹಿಸಿತ್ತು. ಕೆಲವು ಯಂತ್ರಗಳು ಒರೆಸದೆಯೇ ಅಂತರಜಾಲದ ಹರಾಜಿಗೆ ಬಂದವು. ಸುಮಾರು 1.5 ಕೋಟಿ ಗ್ರಾಹಕರ ಮಾಹಿತಿಯನ್ನು ಕಾಪಾಡಲಿಲ್ಲವೆಂದು ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ 2022ರ ಸೆಪ್ಟೆಂಬರಿನಲ್ಲಿ ಹೊರಿಸಿದ ದಂಡ 3.5 ಕೋಟಿ ಡಾಲರ್.

35 ಬಾರಿಯ ‘ಮಂತ್ರ’

ಹಾಗಾದರೆ ನಿಜವಾಗಿ ಒರೆಸುವುದು ಹೇಗೆ? ಈ ಪ್ರಶ್ನೆಗೂ ಒಂದು ಸ್ವಾರಸ್ಯಕರ ಇತಿಹಾಸವಿದೆ. ಹಳೆಯ ಬರಹದ ಮೇಲೆ ಹೊಸದನ್ನು ಬರೆದರೆ ಹಳೆಯದು ಹೋಗಬೇಕಲ್ಲವೇ? ಆದರೆ ಆರ್ಕಿಮಿಡೀಸನ ಚರ್ಮದ ಹಾಳೆಯಂತೆ ಅಯಸ್ಕಾಂತೀಯ ತಟ್ಟೆಯಲ್ಲೂ ಹಳೆಯ ಗುರುತು ಮಸುಕಾಗಿ ಉಳಿದಿದ್ದರೆ? ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಪೀಟರ್ ಗುಟ್‌ಮನ್ 1996ರಲ್ಲಿ ಈ ಸಾಧ್ಯತೆಯನ್ನು ಚರ್ಚಿಸಿ ಒಂದು ಪ್ರಬಂಧ ಮಂಡಿಸಿದರು. ಅಂದು ಬಳಕೆಯಲ್ಲಿದ್ದ ಬಗೆಬಗೆಯ ಡಿಸ್ಕುಗಳಿಗೆಲ್ಲ ಸಲ್ಲುವಂತೆ ಒಟ್ಟು 35 ಬಾರಿ ಮೇಲೆ ಬರೆಯುವ ಕ್ರಮವನ್ನು ಅದರಲ್ಲಿ ಸೂಚಿಸಿದ್ದರು.

ಯಾವ ಒಂದು ಡಿಸ್ಕಿಗೂ 35 ಬಾರಿ ಬೇಕಿರಲಿಲ್ಲ. ಆದರೆ ಜನ ಪ್ರಬಂಧವನ್ನು ಬಿಟ್ಟು ಸಂಖ್ಯೆಯನ್ನು ಹಿಡಿದುಕೊಂಡರು. ಒರೆಸುವ ಪ್ರೋಗ್ರಾಂಗಳಲ್ಲಿ ‘35 ಬಾರಿ’ ಎಂಬ ಆಯ್ಕೆ ಪ್ರತಿಷ್ಠೆಯ ಗುರುತಾಯಿತು. ಇದನ್ನು ಜನ ದೆವ್ವ ಬಿಡಿಸುವ ಮಂತ್ರದಂತೆ ಜಪಿಸುತ್ತಿದ್ದಾರೆ ಎಂಬರ್ಥದಲ್ಲಿ ಗುಟ್‌ಮನ್ ಅವರೇ ಆಮೇಲೆ ಹೇಳಬೇಕಾಯಿತು. 2008ರಲ್ಲಿ ಹೈದರಾಬಾದಿನಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಮೂವರು ಸಂಶೋಧಕರು ಈ ಬಗ್ಗೆ ಪ್ರಯೋಗದ ಫಲಿತಾಂಶ ಮಂಡಿಸಿದರು. ಬಳಕೆಯಲ್ಲಿದ್ದ ಆಧುನಿಕ ಡಿಸ್ಕಿನ ಮೇಲೆ ಒಂದು ಬಾರಿ ಪೂರ್ತಿ ಬರೆದರೂ ಸಾಕು, ಹಳೆಯದರ ಒಂದೊಂದು ಅಂಶವನ್ನು ಊಹಿಸುವುದು ನಾಣ್ಯ ಚಿಮ್ಮಿ ಹೇಳಿದಂತೆಯೇ ಸರಿ ಎಂಬುದು ಅವರ ತೀರ್ಮಾನ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2006ರಲ್ಲಿ ಹೊರಡಿಸಿ 2014ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಈ ಮಾತನ್ನು ಒಪ್ಪುತ್ತದೆ. ಎಷ್ಟು ಬಾರಿ ಒರೆಸಿದೆವು ಎಂಬುದಕ್ಕಿಂತ, ಒಂದು ಮೂಲೆಯೂ ಬಿಡದಂತೆ ಒರೆಸಿದೆವೇ ಎಂಬುದು ಮುಖ್ಯ.

ತಟ್ಟೆ ಹೋಗಿ ಚಿಪ್ ಬಂತು

ಉತ್ತರ ಸಿಕ್ಕಿತು ಎನ್ನುವಷ್ಟರಲ್ಲಿ ಪ್ರಶ್ನೆಯೇ ಬದಲಾಯಿತು. ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಮಾಹಿತಿ ಇಡುವ ‘ಎಸ್‌ಎಸ್‌ಡಿ’ಗಳು ಬಂದವು. ಪೆನ್ ಡ್ರೈವ್, ಮೊಬೈಲ್‌ಗಳಲ್ಲಿರುವುದೂ ಇದೇ ಜಾತಿಯ ಚಿಪ್. ಇದರ ಕೋಶಗಳು ಪದೇ ಪದೇ ಬರೆದರೆ ಸವೆಯುತ್ತವೆ. ಆದ್ದರಿಂದ ಸವೆತವನ್ನು ಎಲ್ಲ ಕಡೆ ಸಮವಾಗಿ ಹಂಚುವ ಏರ್ಪಾಟು ಅದರೊಳಗಿದೆ. ಹಳೆಯ ಬರಹದ ಮೇಲೆ ಬರೆ ಎಂದು ನಾವು ಹೇಳಿದರೆ ಅದು ಬೇರೊಂದು ಜಾಗದಲ್ಲಿ ಬರೆದು, ಹಳೆಯದನ್ನು ಸದ್ಯಕ್ಕೆ ಹಾಗೆಯೇ ಬಿಡುತ್ತದೆ. ತಟ್ಟೆಗೆ ಸರಿಯಾಗಿದ್ದ ಔಷಧ ಚಿಪ್‌ಗೆ ತಾಕುವುದಿಲ್ಲ. ಅಯಸ್ಕಾಂತ ಹಿಡಿದರಂತೂ ಅದಕ್ಕೆ ಏನೂ ಆಗದು.

ಕಂಪ್ಯೂಟರಿನಿಂದ ಆಜ್ಞೆ ಕೊಟ್ಟರೆ ತನ್ನನ್ನು ತಾನೇ ಪೂರ್ತಿ ಒರೆಸಿಕೊಳ್ಳುವ ಸೌಲಭ್ಯ ಇಂಥ ಸಾಧನಗಳಲ್ಲಿ ಉಂಟು. ಅದನ್ನೂ ಕಣ್ಣು ಮುಚ್ಚಿ ನಂಬುವಂತಿರಲಿಲ್ಲ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ಸಂಶೋಧಕರು ಸಾಧನಗಳನ್ನು ಬಿಚ್ಚಿ ಚಿಪ್‌ಗಳನ್ನೇ ಓದಿ ನೋಡಿದರು. ಒಂದು ಸಾಧನವಂತೂ ‘ಒರೆಸಿ ಮುಗಿಯಿತು’ ಎಂದು ವರದಿ ಕೊಟ್ಟಿತ್ತು, ಒಳಗೆ ಮಾಹಿತಿಯೆಲ್ಲ ಇದ್ದಂತೆಯೇ ಇತ್ತು.

ಇದಕ್ಕೆ ತಜ್ಞರು ಕಂಡುಕೊಂಡ ಪರಿಹಾರ ಬೇರೆ ಬಗೆಯದು. ಬರಹವನ್ನು ಅಳಿಸುವ ಬದಲು ಆರಂಭದಿಂದಲೇ ಅದನ್ನು ಗೂಢಲಿಪಿಯಲ್ಲಿ ಬರೆದಿಡುವುದು, ಕೊಡುವ ದಿನ ಆ ಲಿಪಿಯ ಕೀಲಿಯನ್ನು ನಾಶ ಮಾಡುವುದು. ಕೀಲಿ ಇಲ್ಲದ ಮೇಲೆ ಒಳಗಿರುವುದು ಅರ್ಥವಿಲ್ಲದ ಅಕ್ಷರಗಳ ರಾಶಿ. ಇಂದಿನ ಮೊಬೈಲ್‌ಗಳಲ್ಲಿ ‘ಕಾರ್ಖಾನೆ ಸ್ಥಿತಿಗೆ ಮರಳಿಸು’ ಎಂಬ ಆಜ್ಞೆ ಕ್ಷಣಮಾತ್ರದಲ್ಲಿ ಕೆಲಸ ಮುಗಿಸುವುದು ಈ ಉಪಾಯದಿಂದಲೇ.

ಕೊಡುವ ಮುನ್ನ

ಇಷ್ಟೆಲ್ಲ ಓದಿ ಹಳೆಯ ಯಂತ್ರವನ್ನು ಯಾರಿಗೂ ಕೊಡದೆ ಅಟ್ಟಕ್ಕೆ ಹಾಕುವುದೇ ಲೇಸು ಎಂದು ಭಾವಿಸಬೇಕಿಲ್ಲ. ಕಂಪ್ಯೂಟರಿಲ್ಲದ ಮಗುವಿಗೆ ಹಳೆಯದೂ ಹೊಸದೇ. ಕೊಡುವ ಕೆಲಸ ಒಳ್ಳೆಯದು, ಅದಕ್ಕೆ ಮುನ್ನ ಒಂದು ಸಂಜೆ ಮೀಸಲಿಟ್ಟರೆ ಸಾಕು.

ಮೊದಲು ಬೇಕಾದ ಕಡತ, ಚಿತ್ರಗಳನ್ನು ಬೇರೆ ಕಡೆ ನಕಲು ಮಾಡಿ, ನಕಲು ತೆರೆಯುತ್ತದೆಯೇ ಎಂದು ನೋಡಿಕೊಳ್ಳಬೇಕು. ಎಲ್ಲ ಖಾತೆಗಳಿಂದ ಹೊರಬರಬೇಕು. ಆಮೇಲೆ ವಿಂಡೋಸ್ 10 ಅಥವಾ 11 ಇದ್ದರೆ ಯಂತ್ರವನ್ನು ಮೊದಲಿನ ಸ್ಥಿತಿಗೆ ತರುವ ಆಯ್ಕೆಯಲ್ಲಿ ‘ಎಲ್ಲವನ್ನೂ ತೆಗೆದುಹಾಕು’ ಎಂಬುದನ್ನು ಆರಿಸಬೇಕು. ಅಷ್ಟಕ್ಕೇ ನಿಲ್ಲದೆ ಡಿಸ್ಕನ್ನು ಸ್ವಚ್ಛಗೊಳಿಸುವ ಆಯ್ಕೆಯನ್ನೂ ಒತ್ತಬೇಕು. ತಿರುಗುವ ತಟ್ಟೆಯ ದೊಡ್ಡ ಡಿಸ್ಕಾದರೆ ಇದಕ್ಕೆ ಹಲವು ಗಂಟೆ ಹಿಡಿಯುತ್ತದೆ. ಕ್ಷಣದಲ್ಲಿ ಮುಗಿಯುವ ‘ಕ್ವಿಕ್ ಫಾರ್ಮ್ಯಾಟ್’ ಸೂಚಿಯನ್ನು ಮಾತ್ರ ಹೊಸದಾಗಿಸುತ್ತದೆ ಎಂಬುದು ನೆನಪಿರಲಿ. ಎಸ್‌ಎಸ್‌ಡಿ ಇದ್ದರೆ ತಯಾರಕರೇ ಕೊಡುವ ಒರೆಸುವ ಪ್ರೋಗ್ರಾಂ ಬಳಸುವುದು ಲೇಸು. ಹೊಸ ಯಂತ್ರ ಕೊಂಡ ದಿನವೇ ಗೂಢಲಿಪಿಯ ಸೌಲಭ್ಯವನ್ನು ಚಾಲೂ ಮಾಡಿಟ್ಟರೆ ಮುಂದೆ ಕೊಡುವ ದಿನ ಚಿಂತೆಯೇ ಇಲ್ಲ.

ಯಂತ್ರ ಕೆಟ್ಟು ನಿಂತಿದ್ದರೆ? ಹೆಚ್ಚು ಎಚ್ಚರ ಬೇಕಾದದ್ದು ಅಲ್ಲೇ. ಪರದೆ ಸತ್ತಿದ್ದರೂ, ವಿದ್ಯುತ್ ಭಾಗ ಸುಟ್ಟಿದ್ದರೂ ಡಿಸ್ಕ್ ಸುಸ್ಥಿತಿಯಲ್ಲಿರಬಹುದು. ಅದನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದರೆ ಎಲ್ಲವೂ ಓದಲು ಸಿಗುತ್ತದೆ. ಆದ್ದರಿಂದ ಡಿಸ್ಕನ್ನು ತೆಗೆದಿಟ್ಟುಕೊಂಡು ಉಳಿದದ್ದನ್ನು ಕೊಡಬಹುದು. ಡಿಸ್ಕೇ ಕೆಟ್ಟಿದ್ದರೆ ತಟ್ಟೆಗಳ ಮೂಲಕ ಹಾಯುವಂತೆ ಡ್ರಿಲ್ ಮಾಡಿಸುವುದು, ಎಸ್‌ಎಸ್‌ಡಿಯಾದರೆ ಪ್ರತಿಯೊಂದು ಚಿಪ್ಪನ್ನೂ ಪುಡಿ ಮಾಡಿಸುವುದು ಉಳಿದ ದಾರಿ. ಬಳಿಕ ಅದನ್ನು ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆದಾರರಿಗೆ ಒಪ್ಪಿಸಬೇಕು.

ಭಾರತದ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಉದ್ದೇಶ ತೀರಿದ ಮೇಲೆ ಜನರ ಮಾಹಿತಿಯನ್ನು ಅಳಿಸುವ ಹೊಣೆಯನ್ನು ಸಂಸ್ಥೆಗಳ ಮೇಲೆ ಹೊರಿಸುತ್ತದೆ. ಆದರೆ ವ್ಯಕ್ತಿಗಳು ತಮ್ಮ ಸ್ವಂತದ, ಮನೆಯ ಕೆಲಸಕ್ಕೆ ಇಟ್ಟುಕೊಂಡ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಮನೆಯ ಕಂಪ್ಯೂಟರಿನ ಹೊಣೆ ಮನೆಯವರದೇ. ಅದರಲ್ಲಿ ಕೊಡುವವರ ಗುಟ್ಟು ಮಾತ್ರ ಇರುವುದಿಲ್ಲ. ಪತ್ರ ಬರೆದ ಗೆಳೆಯರ, ಚಿತ್ರದಲ್ಲಿರುವ ಮಕ್ಕಳ, ಲೆಕ್ಕ ಒಪ್ಪಿಸಿದ ಗಿರಾಕಿಗಳ ಗುಟ್ಟೂ ಇರುತ್ತದೆ. ಯಂತ್ರವನ್ನು ಕೊಡಲು ಅದರ ಒಡೆಯರಿಗೆ ಹಕ್ಕಿದೆ. ಈ ಉಳಿದವರ ಬದುಕನ್ನು ಅದರೊಡನೆ ಕೊಟ್ಟುಬಿಡುವ ಹಕ್ಕು ಯಾರಿಗೂ ಇಲ್ಲ.